ಶಕುಂತಲಮ್ಮ ಅಂಟಿಸಿದ ಗೇಜು

ನಮ್ಮ ಕಾಲೇಜಿನಲ್ಲಿ ಪಾಠ ಮಾಡುವವರು ನಲವತ್ತು ಜನ ಇದ್ದೆವು, ಕೆಲಸ ಬಲ್ಲವರು ಮೂರೋ ನಾಲ್ಕೋ ಜನ. ನಾನು ಮೊದಲನೆಯ ಗುಂಪಿನವನು ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವ ಬಕ್ಕೇಶ್ ಮೇಷ್ಟ್ರು ಎಂದರೆ ನಾನೇ ಎಂದು ವಿದ್ಯಾನಗರದ ಹಾಸ್ಟೆಲ್ ಹುಡುಗರಿಗೆಲ್ಲ ಗೊತ್ತಿತ್ತು. ಈ ಬರಹ ನನ್ನ ಬಗ್ಗೆ ಅಲ್ಲ, ಆ ಮೂರು ನಾಲ್ಕು ಜನರಲ್ಲಿ ಒಬ್ಬರಾದ ಶಕುಂತಲಮ್ಮನವರ ಬಗ್ಗೆ. ಆದರೆ ಅವರ ಕತೆ ಹೇಳಬೇಕಾದರೆ ನಾನಾಡಿದ ಒಂದು ಸುಳ್ಳನ್ನೂ ಹೇಳಲೇಬೇಕು. ಅದನ್ನು ಬಿಟ್ಟು ಹೇಳಲು ಎರಡು ಸಲ ಪ್ರಯತ್ನಿಸಿದೆ, ಕತೆ ನಿಲ್ಲಲಿಲ್ಲ.

ಶಕುಂತಲಮ್ಮ ಹುಟ್ಟಿದ್ದು ಆನಗೋಡಿನಲ್ಲಿ, ಸೊಸೆಯಾಗಿ ಬಂದಿದ್ದು ಆವರಗೆರೆಗೆ. ಎಸ್ಸೆಸ್ಸೆಲ್ಸಿ ಪಾಸು. ಎಂಬತ್ತೇಳರಲ್ಲಿ ನಮ್ಮ ಮೆಕ್ಯಾನಿಕಲ್ ವಿಭಾಗಕ್ಕೆ ದಿನಗೂಲಿಯ ಮೇಲೆ ಸೇರಿದರು. ಲ್ಯಾಬ್ ಗುಡಿಸುವುದು, ನೀರು ತುಂಬುವುದು, ಪರೀಕ್ಷೆ ಬಂದರೆ ಕುರ್ಚಿ ಹೊಂದಿಸುವುದು, ಇಷ್ಟೇ ಅವರ ಕೆಲಸ ಎಂದು ಕಾಗದದಲ್ಲಿ ಬರೆದಿತ್ತು. ಎತ್ತರದ ಹೆಂಗಸು, ಮಾತು ಕಡಿಮೆ, ಹಣೆಯ ಮೇಲೆ ಯಾವಾಗಲೂ ವಿಭೂತಿ. ನಾನು ಬೈದರೆ ಕೇಳಿಸಿಕೊಂಡು, ಪೂರ್ತಿ ಮುಗಿಯಿತೇ ಎಂದು ಒಂದು ಕ್ಷಣ ಕಾದು, ಆಮೇಲೆ ತಮ್ಮ ಪಾಡಿಗೆ ಕಸಬರಿಗೆ ಹಿಡಿಯುತ್ತಿದ್ದರು. ಅದರಿಂದ ನನ್ನ ಸಿಟ್ಟು ಇನ್ನೂ ಹೆಚ್ಚಾಗುತ್ತಿತ್ತು.

ನಮ್ಮ ಲ್ಯಾಬಿನ ದೊಡ್ಡ ತಲೆನೋವು ಎಂದರೆ ಸ್ಟ್ರೇನ್ ಗೇಜು. ಉಗುರಿನಗಲದ ತೆಳು ಹಾಳೆ, ಅದರ ಮೇಲೆ ಹಿಂದೆ ಮುಂದೆ ಮಡಚಿ ಹರಿದ, ಕೂದಲಿಗಿಂತ ಸಣ್ಣ ಲೋಹದ ಗೆರೆ. ಅದನ್ನು ಕಬ್ಬಿಣಕ್ಕೆ ಅಂಟಿಸಬೇಕು. ಭಾರ ಬಿದ್ದು ಕಬ್ಬಿಣ ಹಿಗ್ಗಿದರೆ ಗೆರೆಯೂ ಹಿಗ್ಗುತ್ತದೆ. ಹಿಗ್ಗಿದ ಗೆರೆಯಲ್ಲಿ ಕರೆಂಟು ಹರಿಯುವುದು ತುಸು ಕಷ್ಟ, ಆ ತುಸು ಕಷ್ಟವನ್ನು ಮೀಟರು ಅಂಕಿ ಮಾಡಿ ತೋರಿಸುತ್ತದೆ. ಕಣ್ಣಿಗೆ ಕಾಣದ ಎಳೆತ ಹೀಗೆ ಲೆಕ್ಕಕ್ಕೆ ಸಿಗುತ್ತದೆ. ಹೇಳಲು ಸುಲಭ, ಆದರೆ ಅಂಟಿಸುವಾಗ ಒಂದು ಧೂಳಿನ ಕಣ, ಬೆರಳಿನ ಬೆವರು, ಒಂದು ಗಾಳಿಗುಳ್ಳೆ ಒಳಗೆ ಉಳಿದರೂ ಗೇಜು ಬಾಯಿಗೆ ಬಂದದ್ದು ಹೇಳುತ್ತದೆ. ನಮ್ಮ ಹುಡುಗರು ಒಂದು ಡಜನ್ ಗೇಜು ತೆಗೆದುಕೊಂಡರೆ ಒಂಬತ್ತನ್ನು ಹಾಳು ಮಾಡಿ, ಉಳಿದ ಮೂರರ ಅಂಕಿಯನ್ನು ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆಯುತ್ತಿದ್ದರು. ಮೇಷ್ಟ್ರುಗಳಾದ ನಾವೂ ಅವರಿಗಿಂತ ಮೇಲೇನೂ ಇರಲಿಲ್ಲ.

ಒಂದು ದಿನ ನಾನು ಹುಡುಗರ ಮೇಲೆ ಕೂಗಾಡಿ ಸುಸ್ತಾಗಿ ಕೂತಿದ್ದಾಗ, ಶಕುಂತಲಮ್ಮ ಕಸಬರಿಗೆ ಗೋಡೆಗೆ ಒರಗಿಸಿ, ತಾನೊಂದು ಹಚ್ಚಿ ನೋಡಲೇ ಎಂದು ಕೇಳಿದರು. ನಕ್ಕೆ. ನಕ್ಕು ಕೊಟ್ಟೆ. ಅವರು ಬಳೆ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿ ಮೊಳೆಗೆ ತೂಗುಹಾಕಿದರು, ಸೋಪು ಹಚ್ಚಿ ಕೈ ತೊಳೆದರು, ಸ್ಪಿರಿಟ್ಟಿನಲ್ಲಿ ಒರೆಸಿಕೊಂಡರು. ಆಮೇಲೆ ಕೈ ಎರಡನ್ನೂ ಎದೆಯ ಮುಂದೆ ಎತ್ತಿ ಹಿಡಿದುಕೊಂಡೇ ಮೇಜಿನ ಹತ್ತಿರ ಬಂದರು. ಕೂದಲು ಮುಖದ ಮೇಲೆ ಬಿದ್ದರೂ ಸರಿಸಲಿಲ್ಲ, ಹಣೆ ಕೆರೆದರೂ ಮುಟ್ಟಲಿಲ್ಲ. ಏನಮ್ಮ ಈ ಮಡಿ ಎಂದು ಛೇಡಿಸಿದೆ. “ವಿಭೂತಿ ಹಣೆಗೆ ಚಲೋರಿ ಸರ, ಗೇಜಿಗೆ ಅಲ್ಲ,” ಎಂದರು. ಅಂಟಿಸಿದ ಗೇಜು ಮರುದಿನ ಕಲ್ಲಿನ ಹಾಗೆ ನಿಂತ ಅಂಕಿ ಕೊಟ್ಟಿತು. ಅದೃಷ್ಟ ಎಂದುಕೊಂಡು ಇನ್ನೊಂದು ಕೊಟ್ಟೆ, ಅದೂ ಹಾಗೇ. ಬೇಸಿಗೆ ಬಂದರೆ ಅವರ ಮನೆ ಅಟ್ಟದ ಮೇಲೆ ಕೂದಲೆಳೆಯಂಥ ಶಾವಿಗೆ ಹೊಸೆಯುತ್ತಿದ್ದ ಬೆರಳುಗಳು ಅವು ಎಂದು ನನಗೆ ತಿಳಿದಿದ್ದು ಎಷ್ಟೋ ದಿನದ ಮೇಲೆ. ಅಲ್ಲಿಂದ ಮುಂದೆ ವಿಭಾಗದ ಗೇಜುಗಳನ್ನೆಲ್ಲ ಅಂಟಿಸುವವರು ಅವರೇ ಆದರು. ಕಾಗದದಲ್ಲಿ ಮಾತ್ರ ಗುಡಿಸುವವರಾಗಿಯೇ ಉಳಿದರು.

ಇನ್ನೊಂದು ದಿನ ಲ್ಯಾಬಿಗೆ ಹೋದರೆ, ನನ್ನ ಮಲ್ಟಿಮೀಟರು ಅವರ ಕೈಯಲ್ಲಿ. ಸುತ್ತ ಆರೇಳು ಹುಡುಗರು. ನನಗೆ ರೇಗಿತು, ಆದರೆ ಬಾಗಿಲಲ್ಲೇ ನಿಂತೆ. ತೆಳು ಕಾಗದದ ಒಂದು ಪಟ್ಟಿಯ ಮೇಲೆ ಡ್ರಾಯಿಂಗ್ ಪೆನ್ಸಿಲಿನಿಂದ ಗಾಢವಾಗಿ ಗೆರೆ ತೀಡಿದ್ದರು. ಗೆರೆಯ ಎರಡು ತುದಿಗೆ ಮೀಟರಿನ ಎರಡು ಕ್ಲಿಪ್ಪು. ಗೆರೆ ಹೊರಮೈಗೆ ಬರುವಂತೆ ಕಾಗದ ಬಗ್ಗಿಸಿದರೆ ಅಂಕಿ ಏರುತ್ತಿತ್ತು, ಒಳಮೈಗೆ ಬರುವಂತೆ ಬಗ್ಗಿಸಿದರೆ ಇಳಿಯುತ್ತಿತ್ತು. ಬಾವಿಯಿಂದ ಮನೆವರೆಗೆ ಹೆಂಗಸರು ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹತ್ತಿರ ನಿಂತರೆ ನೀರು ಬೇಗ ಬರುತ್ತದೆ, ದೂರ ದೂರ ನಿಂತರೆ ತಡವಾಗುತ್ತದೆ, ಪೆನ್ಸಿಲ್ ಕಪ್ಪಿನ ಕಣಗಳೂ ಹಾಗೇ ಎಂದು ವಿವರಿಸುತ್ತಿದ್ದರು. ನಾನು ಎರಡು ತಾಸು ಬೋರ್ಡಿನ ತುಂಬ ಬರೆದರೂ ತಲೆಗೆ ಹೋಗದ್ದು ಆ ಹುಡುಗರಿಗೆ ಐದು ನಿಮಿಷದಲ್ಲಿ ಹೋಗಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಇದಾದ ಎಷ್ಟೋ ವರ್ಷಕ್ಕೆ, ಹೊರದೇಶದ ವಿಜ್ಞಾನಿಗಳು ಅದೇ ಪೆನ್ಸಿಲ್ ಕಪ್ಪಿನಿಂದ ಅಂಟುಟೇಪು ಬಳಸಿ ಒಂದೇ ಒಂದು ಪದರ ಬಿಡಿಸಿದರು. ಪರಮಾಣುಗಳು ಜೇನುಗೂಡಿನ ಕಣ್ಣುಗಳ ಹಾಗೆ ಹೆಣೆದುಕೊಂಡ ಹಾಳೆ, ದಪ್ಪ ಒಂದೇ ಪರಮಾಣು. ಗ್ರಾಫೀನ್ ಎಂದು ಅದರ ಹೆಸರು. ಅದನ್ನು ಎಳೆದರೆ ಹೆಣಿಗೆಯ ಕೊಂಡಿಗಳು ಉದ್ದವಾಗಿ ಎಲೆಕ್ಟ್ರಾನು ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ದಾಟುವ ಬಗೆಯೇ ಬದಲಾಗುತ್ತದೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಎಳೆದರಂತೂ, ಹತ್ತಿರ ಅಯಸ್ಕಾಂತವೇ ಇಲ್ಲದಿದ್ದರೂ ಇದ್ದ ಹಾಗೆ ಎಲೆಕ್ಟ್ರಾನುಗಳು ದಾರಿ ಬಾಗಿಸಿಕೊಂಡು ಹೋಗುತ್ತವೆ. ಓದಿದಾಗ ನನಗೆ ನೆನಪಾದದ್ದು ಯಾವ ದೊಡ್ಡ ಪ್ರಯೋಗಶಾಲೆಯೂ ಅಲ್ಲ, ಆ ಕಾಗದದ ಪಟ್ಟಿ. ಪೆನ್ಸಿಲ್ ಗೆರೆಯಲ್ಲಿ ನಡೆಯುವುದು ಕಣದಿಂದ ಕಣಕ್ಕೆ ಕೈ ಸಡಿಲಾಗುವ ಒರಟು ಲೆಕ್ಕ, ಗ್ರಾಫೀನಿನದು ಬಹಳ ನಯವಾದ ಲೆಕ್ಕ. ಎಳೆತವನ್ನು ಕರೆಂಟಿನ ಬಾಯಲ್ಲಿ ಹೇಳಿಸುವುದು ಮಾತ್ರ ಎರಡೂ ಕಡೆ ಒಂದೇ.

ತೊಂಬತ್ತೆಂಟರಲ್ಲಿ ನಮ್ಮ ವಿಭಾಗಕ್ಕೆ ಒಂದು ಟೆಕ್ನಿಷಿಯನ್ ಹುದ್ದೆ ಬಂತು. ಕಾಯಂ ಕೆಲಸ. ಐಟಿಐ ಆದವರು ನಾಲ್ಕಾರು ಜನ ಅರ್ಜಿ ಹಾಕಿದ್ದರು. ಹನ್ನೊಂದು ವರ್ಷ ದಿನಗೂಲಿ ಮಾಡಿದ ಶಕುಂತಲಮ್ಮನೂ ಹಾಕಿದರು. ಅವರಿಗೆ ಆಗ ಮೂವತ್ತೊಂಬತ್ತು, ವಯಸ್ಸಿನ ಮಿತಿಗೆ ಅದೇ ಕೊನೆಯ ವರ್ಷ. ನಮ್ಮ ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ದಾಖಲೆ ಬೇಕು ಎನ್ನುವವರು. ಹೊರಗಿನ ಒಂದು ಕೆಲಸವನ್ನು ಶಕುಂತಲಮ್ಮ ಸರಿಯಾಗಿ ಮಾಡಿ ತೋರಿಸಿದರೆ, ಆ ವರದಿ ಜೊತೆಗಿಟ್ಟು ಆಡಳಿತ ಮಂಡಳಿಗೆ ಶಿಫಾರಸು ಬರೆಯುತ್ತೇನೆ ಎಂದರು. ಕೆಟ್ಟರೆ, ಗೇಜಿನ ಪೆಟ್ಟಿಗೆಗೆ ಬೀಗ, ಅವರ ಕೈಗೆ ಮತ್ತೆ ಕಸಬರಿಗೆ ಎಂದೂ ಸೇರಿಸಿದರು.

ಕೆಲಸ ಹರಿಹರದಿಂದ ಬಂತು. ಅಲ್ಲಿ ಕಾಂತರಾಜ್ ಎಂಬಾತ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ ಇಟ್ಟಿದ್ದ. ಯಾವುದೋ ಕಾರ್ಖಾನೆಗೆ ಐದು ಟನ್ ಎತ್ತುವ ಕ್ರೇನಿನ ಉದ್ದನೆಯ ಉಕ್ಕಿನ ತೊಲೆ ಮಾಡಿಕೊಟ್ಟಿದ್ದ. ಭಾರ ಹೇರಿ ಪರೀಕ್ಷೆ ಮಾಡಿದ ವರದಿ ಇಲ್ಲದೆ ಕಾರ್ಖಾನೆಯವರು ಅದನ್ನು ಒಯ್ಯುವ ಹಾಗಿರಲಿಲ್ಲ. ಆಯುಧಪೂಜೆಯ ಹಿಂದಿನ ದಿನ ನಾನು, ಶಕುಂತಲಮ್ಮ ಬಸ್ಸಿನಲ್ಲಿ ಹೋದೆವು. ತೊಲೆಯನ್ನು ನೆಲದ ಮೇಲೆ ಮಗುಚಿ ಮಲಗಿಸಿದ್ದರು. ಭಾರ ಬಿದ್ದಾಗ ಹೆಚ್ಚು ಹಿಗ್ಗುವುದು ಅದರ ತಳದ ನಟ್ಟನಡುವೆ, ಅಲ್ಲೊಂದು ಗೇಜು. ನಡುವಿನಿಂದ ತುದಿಯ ಕಡೆಗೆ ಅರ್ಧ ದೂರದಲ್ಲಿ ಇನ್ನೊಂದು. ಎರಡನ್ನೂ ಅಂಟಿಸಿ, ಮೇಲೆ ಕಾಗದ ಮುಚ್ಚಿ ಬಂದೆವು. ಅಂಟು ಪೂರ್ತಿ ಒಣಗಿದ ಮೇಲೆ ತಂತಿ ಬೆಸೆದು, ತೇವ ಹೋಗದಂತೆ ಮೇಣ ಹೊಯ್ಯಬೇಕು. ಹಬ್ಬ ಮುಗಿಸಿಕೊಂಡು ಅದನ್ನು ಮಾಡುವುದೆಂದಾಯಿತು.

ಪೂಜೆಗೆ ಬರಲೇಬೇಕು ಎಂದು ಕಾಂತರಾಜ್ ನನ್ನನ್ನು ಕರೆದಿದ್ದ. ಮಿರ್ಚಿ ಮಂಡಕ್ಕಿ ಆಸೆಗೆ ಹೋದೆ ಎಂದೇ ಇಟ್ಟುಕೊಳ್ಳಿ. ಲೇತು, ಡ್ರಿಲ್ಲು, ವೆಲ್ಡಿಂಗ್ ಸೆಟ್ಟು ಎಲ್ಲಕ್ಕೂ ವಿಭೂತಿ ಬಳಿದು ಹೂವು ಏರಿಸಿದ್ದರು. ಕಾಂತರಾಜನ ತಾಯಿ ಅಂಜಿನವ್ವ ತಟ್ಟೆ ಹಿಡಿದು ನನ್ನ ಮುಂದೆ ಬಂದರು. ದೊಡ್ಡ ಸಾಹೇಬರು ನೀವೇ ತೊಲೆಗೆ ಹಚ್ಚಬೇಕು ಎಂದರು. ದೊಡ್ಡ ಸಾಹೇಬರು! ಕಾಲೇಜಿನಲ್ಲಿ ನನ್ನನ್ನು ಹಾಗೆ ಕರೆದವರು ಯಾರಿದ್ದರು? ಉಬ್ಬಿಹೋದೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಚೆನ್ನಾಗಿ ಕದಡಿ, ಎಲ್ಲರೂ ನೋಡುವ ಹಾಗೆ ತೊಲೆಯ ನಟ್ಟನಡುವೆ, ಮೂರು ಬೆರಳಿನಿಂದ ಉದ್ದಕ್ಕೆ ಎಳೆದೆ. ಮುಚ್ಚಿದ್ದ ಕಾಗದ ಬೆರಳಿಗೆ ಸಿಕ್ಕಿ ಸರಿದಾಗಲೇ ನೆನಪಾದದ್ದು. ಗೇಜಿನ ಅಂಚಿನಲ್ಲಿ ಬಿಳಿ ನೀರು ನಿಂತಿತ್ತು. ಯಾರಿಗೂ ಕಾಣದಂತೆ ಕರ್ಚೀಫಿನಿಂದ ಒರೆಸಿ, ಕಾಗದ ಮತ್ತೆ ಮುಚ್ಚಿದೆ. ಒರೆಸಿದೆನಲ್ಲ, ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಹಬ್ಬ ಮುಗಿದ ಮೇಲೆ ಶಕುಂತಲಮ್ಮ ತಂತಿ ಬೆಸೆಯಲು ಬಂದರು. ಕಾಗದ ತೆಗೆದು ಬಹಳ ಹೊತ್ತು ಬಗ್ಗಿ ನೋಡಿದರು.

“ಸರ, ಇದನ್ನ ಯಾರಾದ್ರೂ ಮುಟ್ಟಿದ್ರೇನ್ರಿ?”

“ಇಲ್ಲ,” ಎಂದೆ.

ಒಂದೇ ಪದ. ಇವತ್ತಿಗೂ ಅದು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೆನೆದರೆ ನಾಚಿಕೆಯಾಗುತ್ತದೆ. ಗುಡಿಸುವ ಹೆಂಗಸಿನ ಮುಂದೆ ನಾನು ತಪ್ಪು ಮಾಡಿದೆ ಎಂದು ಹೇಳುವುದೇ ಎಂಬ ಜಂಬ ಅದು, ಬೇರೆ ಏನೂ ಅಲ್ಲ. ಅವರು ಮತ್ತೆ ಕೇಳಲಿಲ್ಲ. ಮೇಷ್ಟ್ರು ಇಲ್ಲ ಎಂದ ಮೇಲೆ ಇಲ್ಲ ಎಂದುಕೊಂಡು ತಂತಿ ಬೆಸೆದು ಮೇಣ ಹೊಯ್ದರು. ಒಳಗಿದ್ದ ತೇವ ಒಳಗೇ ಉಳಿಯಿತು.

ಎರಡು ದಿನದ ಮೇಲೆ ಪರೀಕ್ಷೆ. ಮುಖ್ಯಸ್ಥರೂ ಬಂದಿದ್ದರು. ತೊಲೆಯನ್ನು ಕಂಬಗಳ ಮೇಲೆ ಏರಿಸಿ, ನಡುವೆ ಸರಪಳಿ ಕಟ್ಟಿ ಎರಕದ ಗಟ್ಟಿಗಳನ್ನು ತೂಗುಬಿಟ್ಟರು. ಒಂದು ಟನ್, ಎರಡು ಟನ್, ಮೂರು ಟನ್. ಬದಿಯ ಗೇಜು ಮೆಟ್ಟಿಲು ಹತ್ತಿದ ಹಾಗೆ ಏರಿತು. ನಡುವಿನದು ಅದರ ಎರಡು ಪಟ್ಟು ತೋರಿಸಬೇಕಿತ್ತು. ಅದು ಏರುತ್ತಿತ್ತು, ಜಾರುತ್ತಿತ್ತು, ಯಾರೂ ಮುಟ್ಟದಿದ್ದರೂ ಓಡಾಡುತ್ತಿತ್ತು. ಭಾರವೆಲ್ಲ ಇಳಿಸಿದ ಮೇಲೂ ಸೊನ್ನೆಗೆ ಬರಲಿಲ್ಲ. ಕಾಂತರಾಜನ ಮುಖದಲ್ಲಿ ರಕ್ತವೇ ಇರಲಿಲ್ಲ. ತೊಲೆ ಬಾಗಿಹೋಗಿದೆಯೇ ಎಂದು ತುದಿಯಿಂದ ತುದಿಗೆ ದಾರ ಹಿಡಿದು ನೋಡಿದರು, ನೆಟ್ಟಗಿತ್ತು. ಹಾಗಾದರೆ ಅಂಟಿಸಿದ್ದೇ ಸರಿಯಿಲ್ಲ ಎಂದು ಮುಖ್ಯಸ್ಥರು ತೀರ್ಮಾನಿಸಿದರು. ಗುಡಿಸುವವರ ಕೈಗೆ ಇಂಥ ಕೆಲಸ ಕೊಟ್ಟದ್ದು ತಮ್ಮದೇ ತಪ್ಪು ಎಂದು ಎಲ್ಲರೆದುರು ಹೇಳಿದರು. ಶಕುಂತಲಮ್ಮ ತಲೆ ತಗ್ಗಿಸಲಿಲ್ಲ, ಮೀಟರನ್ನೇ ನೋಡುತ್ತ ನಿಂತಿದ್ದರು. ತಲೆ ತಗ್ಗಿಸಿದ್ದು ನಾನು. ಬಾಯಿ ಮಾತ್ರ ಬಿಡಲಿಲ್ಲ.

ಮರುದಿನ ಗೇಜಿನ ಪೆಟ್ಟಿಗೆಗೆ ಬೀಗ ಬಿತ್ತು. ಶಕುಂತಲಮ್ಮ ಎಂದಿನಂತೆ ಬಂದು ಗುಡಿಸಿದರು. ಹುಡುಗರು ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದು, ಒಂದು ಐದು ನಿಮಿಷ ಮಲ್ಟಿಮೀಟರು ಬೇಕಿತ್ತು ಎಂದರು. ಕೊಟ್ಟೆ. ಪೆನ್ಸಿಲ್ ಗೆರೆಯ ಅದೇ ಥರದ ಪಟ್ಟಿ, ಎರಡು ಕ್ಲಿಪ್ಪು. ಬಗ್ಗಿಸಿದರೆ ಅಂಕಿ ಏರಿತು, ಬಿಟ್ಟರೆ ಮೊದಲಿನ ಜಾಗಕ್ಕೆ ಹತ್ತಿರ ಬಂದು ನಿಂತಿತು. ಆಮೇಲೆ ಒಂದು ಬಟ್ಟಲಿನಿಂದ ವಿಭೂತಿ ನೀರಿನ ಹನಿಯೊಂದನ್ನು ಗೆರೆಯ ಮೇಲೆ ಬಿಟ್ಟರು. ಅಂಕಿ ಕುಸಿಯಿತು, ಏರಿತು, ಮತ್ತೆ ಕುಸಿಯಿತು. ಅವರು ಪಟ್ಟಿ ಬಗ್ಗಿಸುತ್ತಲೇ ಇರಲಿಲ್ಲ, ಮೇಜಿನ ಮೇಲೆ ಸುಮ್ಮನೆ ಮಲಗಿಸಿದ್ದರು. ಬೂದಿಯ ಉಪ್ಪು ನೀರಿಗೆ ಸೇರಿ ಕರೆಂಟಿಗೆ ಕಳ್ಳದಾರಿ ಮಾಡಿಕೊಟ್ಟಿತ್ತು. ಹರಿಹರದ ಮೀಟರಿನಲ್ಲಿ ನಾವು ಕಂಡದ್ದು ಇದನ್ನೇ.

ನಾನು ಆ ಬಟ್ಟಲನ್ನೇ ನೋಡುತ್ತ ಕೂತೆ. ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ, ಕೇಳಲೂ ಇಲ್ಲ. ಕ್ಲಿಪ್ಪು ಒರೆಸಿ, ಮೀಟರು ವಾಪಸಿಟ್ಟು ಹೊರಟರು. ಬಾಗಿಲ ಹತ್ತಿರ ಹೋದಾಗ ನಾನೇ ಕರೆದೆ.

“ಶಕುಂತಲಮ್ಮ, ಅದು ನಾನು. ಪೂಜೆ ದಿನ.”

“ಗೊತ್ತೈತೆ ಸರ. ನಿನ್ನೆ ಹೊರಡುವಾಗ ಅಂಜಿನವ್ವನೇ ಹೇಳಿದ್ರು, ಎಷ್ಟು ಚಂದ ಹಚ್ಚಿದ್ರು ಅಂತ.”

“ಮತ್ತೆ ಸಾಹೇಬರ ಮುಂದೆ ಯಾಕೆ ಹೇಳಲಿಲ್ಲ?”

“ನಾ ಹೇಳಿದ್ರೆ ಚಾಡಿ ಆಗ್ತೈತೆ. ನೀವು ಹೇಳಿದ್ರೆ ಕಾರಣ ಆಗ್ತೈತೆ,” ಎಂದು ಅವರು ಸೆರಗು ಸಿಕ್ಕಿಸಿಕೊಂಡು ಸಿಟಿ ಬಸ್ಸಿಗೆ ಹೋದರು.

ನಾನು ಮುಖ್ಯಸ್ಥರ ಕೋಣೆಗೆ ಹೋದೆ. ಹೋಗುವ ದಾರಿಯಲ್ಲಿ ಎರಡು ಸಲ ನಿಂತೆ ಎಂಬುದನ್ನೂ ಬರೆಯಬೇಕು. ಎಲ್ಲ ಹೇಳಿದೆ, ಕೇಳಿದಾಗ ಇಲ್ಲ ಎಂದದ್ದನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೋರ್ಡಿನ ಮೇಲೆ ಹದಿನೈದು ವರ್ಷ ತೇವದ ಬಗ್ಗೆ ಪಾಠ ಮಾಡಿದವರು ನೀವೇ ಅಲ್ಲವೇ ಎಂದರು. ಹೌದು ಎಂದೆ. ಇನ್ನೂ ಬಹಳ ಹೇಳಿದರು, ಎಲ್ಲ ನ್ಯಾಯವಾದದ್ದೇ, ಹೊಟ್ಟೆಗೆ ಹಾಕಿಕೊಂಡೆ. ಕೊನೆಗೆ ಡ್ರಾಯರಿನಿಂದ ಪೆಟ್ಟಿಗೆಯ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದೇ ಸಲ, ಇದೂ ಕೆಟ್ಟರೆ ಶಿಫಾರಸಿನ ಮಾತು ಎತ್ತಬೇಡಿ ಎಂದರು.

ಮತ್ತೆ ಹರಿಹರ. ತೊಲೆ ಮತ್ತೆ ನೆಲಕ್ಕಿಳಿಯಿತು. ಶಕುಂತಲಮ್ಮ ಹಳೆಯ ಗೇಜು ಕಿತ್ತು, ಆ ಜಾಗವನ್ನು ಉಜ್ಜಿ, ಸ್ಪಿರಿಟ್ಟಿನ ಅರಿವೆಯಿಂದ ಒರೆಸಿದರು. ಅರಿವೆಯ ಮೇಲೆ ಒಂದು ಚೂರೂ ಕಲೆ ಬಾರದವರೆಗೆ ಮತ್ತೆ ಮತ್ತೆ ಒರೆಸಿದರು. ಅಂಜಿನವ್ವ ಪಾಪ, ತನ್ನಿಂದಲೇ ಆಯಿತೆಂದು ನೊಂದುಕೊಂಡು ದೂರ ನಿಂತಿದ್ದರು. ಶಕುಂತಲಮ್ಮ ಅವರನ್ನು ಹತ್ತಿರ ಕರೆದರು. ತೊಲೆಗೆ ವಿಭೂತಿ ಬೇಡ ಎಂದು ಯಾರೂ ಅನ್ನುವುದಿಲ್ಲ, ಈ ತುದಿಗೆ ಹಚ್ಚಿರಿ, ನಡುವೆ ಬ್ಯಾಡ ಎಂದು ಜಾಗ ತೋರಿಸಿದರು. ಅಂಜಿನವ್ವ ಒಣ ವಿಭೂತಿಯನ್ನೇ ತುದಿಗೆ ಒತ್ತಿ ಕೈ ಮುಗಿದರು. ತಟ್ಟೆಯನ್ನು ನನ್ನ ಕಡೆ ತರಲಿಲ್ಲ.

ಮರುದಿನ ಅಂಟು ಒಣಗಿತ್ತು. ತಂತಿ ಬೆಸೆದರು. ಮೇಣ ಕರಗಿ ಸಣ್ಣ ಡಬ್ಬಿಯಲ್ಲಿ ಸಿದ್ಧವಾಗಿತ್ತು. ಕಾಂತರಾಜ್, ಅವನ ತಾಯಿ, ಮುಖ್ಯಸ್ಥರು, ನಾಲ್ಕು ಜನ ಕೆಲಸದವರು ಸುತ್ತ ನಿಂತಿದ್ದರು. ಶಕುಂತಲಮ್ಮ ಡಬ್ಬಿ ಎತ್ತಿದವರು ಹಾಗೇ ಹಿಡಿದು ನನ್ನ ಕಡೆ ತಿರುಗಿದರು.

“ಸರ, ಇದನ್ನ ಯಾರಾದ್ರೂ ಮುಟ್ಟಿದ್ರೇನ್ರಿ?”

ನನ್ನ ಕಿವಿ ಬಿಸಿಯಾಯಿತು. ಹಿಂದಿನ ದಿನ ಅವರು ಕಾಗದ ಮುಚ್ಚಿದಾಗಿನಿಂದ ಏನೇನಾಯಿತು ಎಂದು ಒಂದೊಂದಾಗಿ ನೆನೆದೆ. ರಾತ್ರಿ ಶೆಡ್ಡಿಗೆ ಬೀಗ ಹಾಕಿದ್ದು, ಬೆಳಿಗ್ಗೆ ನಾನೇ ತೆಗೆಸಿದ್ದು, ಹತ್ತಿರ ಯಾರನ್ನೂ ಬಿಡದೆ ನಿಂತದ್ದು.

“ಇಲ್ಲ ಶಕುಂತಲಮ್ಮ. ನಾನೂ ಮುಟ್ಟಿಲ್ಲ,” ಎಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. ಆಮೇಲೆ ಬಗ್ಗಿ ಮೇಣ ಹೊಯ್ದರು. ಅವರು ನನ್ನ ಮಾತು ನಂಬಿದ ಆ ಸಮಾಧಾನವನ್ನು ನಾನು ಯಾವ ಪದವಿ ಸಿಕ್ಕಾಗಲೂ ಕಂಡಿಲ್ಲ.

ಮಧ್ಯಾಹ್ನ ಭಾರ ಹೇರಿದರು. ನಡುವಿನ ಗೇಜು ಬದಿಯದಕ್ಕೆ ಸರಿಯಾಗಿ ಎರಡು ಪಟ್ಟು ಏರುತ್ತ ಹೋಯಿತು, ಐದು ಟನ್ನಿನ ಮೇಲೆ ಹೇರಬೇಕಾದ ಹೆಚ್ಚುವರಿಯನ್ನೂ ಹೇರಿ ಒಂದು ತಾಸು ಬಿಟ್ಟರು. ಅಂಕಿ ಅಲ್ಲಾಡಲಿಲ್ಲ. ಭಾರ ಇಳಿಸುತ್ತ ಬಂದ ಹಾಗೆ ಅದೂ ಇಳಿಯುತ್ತ ಬಂದು ಸೊನ್ನೆಯಲ್ಲಿ ನಿಂತಿತು. ಕಾಂತರಾಜ್ ಹೊರಗೆ ಹೋಗಿ ಗೋಡೆಗೆ ಆತು ಕೂತುಬಿಟ್ಟ. ಮುಖ್ಯಸ್ಥರು ವರದಿಯಲ್ಲಿ ಗೇಜು ಅಂಟಿಸಿದವರು ಎಂಬ ಕಡೆ ತಾವೇ ಶಕುಂತಲಮ್ಮ ಎಂದು ಬರೆದರು. ಯಾವುದೇ ಕಾಗದದಲ್ಲಿ ಆ ಕೆಲಸದ ಮುಂದೆ ಅವರ ಹೆಸರು ಬಂದದ್ದು ಅದೇ ಮೊದಲು. ಶಕುಂತಲಮ್ಮ ಅದನ್ನು ಓದಿ, ಶೆಡ್ಡಿನ ಮೊಳೆಗೆ ತೂಗುಹಾಕಿದ್ದ ಕರ್ಚೀಫಿನ ಗಂಟು ಬಿಚ್ಚಿ ಬಳೆಗಳನ್ನು ಒಂದೊಂದಾಗಿ ತೊಟ್ಟುಕೊಂಡರು.

ಮುಂದಿನ ಜೂನಿನಲ್ಲಿ ಅವರಿಗೆ ಹುದ್ದೆ ಸಿಕ್ಕಿತು. ಮೊದಲ ದಿನ ಬಂದವರು ಅಭ್ಯಾಸಬಲದಿಂದ ಕಸಬರಿಗೆ ಎತ್ತಿಕೊಂಡರು. ನಾನು ಕಿತ್ತುಕೊಂಡು ರೇಗಿದೆ. ಅವರು ಎಂದಿನ ಹಾಗೆ ಪೂರ್ತಿ ಮುಗಿಯಿತೇ ಎಂದು ಕಾದು, ಮೇಜಿನ ಕೆಳಗೆ ಕಸ ಹಾಗೇ ಇದೆ, ನೀವೇ ಗುಡಿಸುತ್ತೀರೇನು ಎಂದು ಕೇಳಿದರು. ಗುಡಿಸಿದೆ. ಹುಡುಗರು ಕಿಟಕಿಯಲ್ಲಿ ನಿಂತು ನೋಡಿದರು.

ಅಲ್ಲಿಂದ ನಾವಿಬ್ಬರೂ ಒಟ್ಟಿಗೆ ಅಂಟಿಸಿದ ಗೇಜುಗಳಿಗೆ ಲೆಕ್ಕವಿಲ್ಲ. ಪ್ರತಿಯೊಂದಕ್ಕೂ ಮೇಣ ಹೊಯ್ಯುವ ಮೊದಲು ಅವರು ನನ್ನ ಕಡೆ ತಿರುಗಿ ಅದೇ ಪ್ರಶ್ನೆ ಕೇಳುತ್ತಿದ್ದರು, ನಿವೃತ್ತಿಯಾಗುವ ವಾರದವರೆಗೂ ಕೇಳಿದರು. ಅದರಲ್ಲಿ ಚುಚ್ಚು ಇರಲಿಲ್ಲ. ಕೈ ತೊಳೆಯುವ ಹಾಗೆ, ಬಳೆ ಬಿಚ್ಚಿಡುವ ಹಾಗೆ ಅದೂ ಅವರ ಕೆಲಸದ ಒಂದು ಭಾಗವಾಗಿತ್ತು. ಎರಡು ಸಲ ನಾನು, ಹೌದು, ನನ್ನ ಬೆರಳು ತಾಗಿತು ಎಂದಿದ್ದೇನೆ. ಎರಡು ಸಲವೂ ಅವರು ಏನೂ ಅನ್ನದೆ ಗೇಜು ಕಿತ್ತು, ಹೊಸದು ಅಂಟಿಸಿದರು.